ತೇವದ ಅಳತೆ

ಬಾಗಿಲು ತೆರೆದವನು ಮೊದಲು ನೋಡಿದ್ದು ನನ್ನ ಕೈ.
ಬಕೆಟ್ಟಿಲ್ಲ, ಪೊರಕೆಯಿಲ್ಲ.
"ಕ್ಲೀನಿಂಗು ಗುರುವಾರ ಅಲ್ಲವಾ?" ಅಂದ.
ಇವತ್ತು ಮಂಗಳವಾರ, ನಾನು ಅಯೋನಿ ಬಾಸ್ಕಮ್,
ನಿಮ್ಮ ಮನೆಗೆ ಬೆಲೆ ಕಟ್ಟಲು ಬಂದವಳು, ಅಂದೆ.
ಕಿವಿ ಕೆಂಪಾಯಿತು ಅವನಿಗೆ. ಕೆಟ್ಟವನಲ್ಲ;
ಓಡಿ ಹೋಗಿ ಚಹಾ ತಂದ,
ಕೇಳದೆಯೇ ಮೂರು ಚಮಚ ಸಕ್ಕರೆ ಸುರಿದು.
(ನನ್ನ ಹಿಂದೆ ಮೆಟ್ಟಿಲ ಮೇಲೆ ಇನ್ನೊಬ್ಬಳಿದ್ದಳು.
ಆಕೆಯ ವಿಷಯ ಆಮೇಲೆ.)

ಎರಡು ಸೂಜಿಯ ಪುಟ್ಟ ಯಂತ್ರ ನನ್ನದು,
ಚುಚ್ಚಿದರೆ ಗೋಡೆಯೊಳಗಿನ ತೇವ ಹೇಳುತ್ತದೆ.
ಹೊಸ ಬಣ್ಣಕ್ಕೆ, ಹೂವಿನ ಕಾಗದಕ್ಕೆ ಮರುಳಾಗುವುದಿಲ್ಲ.
ಗೋಡೆಗೂ ಕಿವಿಯುಂಟು ಅನ್ನುತ್ತಾರೆ.
ಬಾಯಿಯೂ ಉಂಟು, ಕೇಳುವವರು ಬೇಕು.

ಇದೇ ಬೀದಿ. ಬ್ರಾಕ್ಲಿಯ ಇದೇ ಇಳಿಜಾರು.
ಐವತ್ತೆಂಟರ ಚಳಿಯಲ್ಲಿ ನನ್ನಜ್ಜಿ ಸಿಲ್ವೀನಾ
ಒಂದು ಕೋಣೆಗಾಗಿ ಹದಿನೇಳು ಬಾಗಿಲು ತಟ್ಟಿದ್ದಳು.
"ಈಗಷ್ಟೇ ಹೋಯಿತಲ್ಲ" ಅಂದರಂತೆ ಹದಿನೇಳೂ ಮಂದಿ,
ಕಿಟಕಿಯಲ್ಲಿ ಬಾಡಿಗೆಯ ಚೀಟಿ ಇನ್ನೂ ತೂಗುತ್ತಿರುವಾಗಲೇ.
ಆಮೇಲೆ ಆಕೆ ಬೇರೊಂದು ಚೀಟಿ ಹಾಕಿದಳು:
ಹನ್ನೊಂದು ಜನ, ವಾರಕ್ಕೆ ಎರಡು ಪೌಂಡು,
ನರ್ಸುಗಳು, ಬಸ್ ಕಂಡಕ್ಟರುಗಳು, ಒಬ್ಬ ದರ್ಜಿ.
ಪಾರ್ಡ್ನರ್ ಅನ್ನುತ್ತಾರೆ ಜಮೈಕಾದವರು ಅದಕ್ಕೆ.
ಬಿಸ್ಕತ್ತಿನ ಡಬ್ಬಿಯೇ ತಿಜೋರಿ.
ಸರದಿ ಬಂದಾಗ ಮನೆಯೊಂದನ್ನು ಕೊಂಡಳು.
ಸೂರು ಸೋರುತ್ತಿತ್ತು. ಸೋರಲಿ.
ಪತ್ರದಲ್ಲಿ ಅವಳ ಹೆಸರಿನ ಶಾಯಿ ಒಣಗಿತ್ತು.

ಅಮ್ಮ ನಮ್ಮ ಕಚೇರಿಯ ಹನ್ನೆರಡನೆಯ ಮಹಡಿಯನ್ನು
ಬೆಳಗಿನ ನಾಲ್ಕೂವರೆಗೆ ಒರೆಸಿದವಳು.
ಆ ಉದ್ದ ಮೇಜಿನ ಗೆಣ್ಣುಗೆಣ್ಣೂ ಅವಳಿಗೆ ಗೊತ್ತು,
ಯಾವ ಕುರ್ಚಿಯ ಕಾಲು ಅಲುಗುತ್ತದೆ ಎಂಬುದೂ.
ಕೂತು ನೋಡಿರಲಿಲ್ಲ.
ನಾನು ಕೂತೆ, ಇಪ್ಪತ್ತೆರಡು ವರ್ಷವಾದ ಮೇಲೆ.
ಸುತ್ತ ನೋಡಿದರೆ
ನನ್ನ ಬಣ್ಣದ್ದು ಅಲ್ಲಿ ಮೇಜು ಒಂದೇ.

ಫೋಟೋ ಬೇಕಾದಾಗ ಮಾತ್ರ ಮರೆಯದೆ ಕರೆಯುತ್ತಿದ್ದರು.
ಹಳದಿ ಹೆಲ್ಮೆಟ್ಟು ಕೊಟ್ಟು, ನಗಿ ಅಂದರು.
ಜಡೆಗಳ ಮೇಲೆ ಅದು ಕೂರಲಿಲ್ಲ.
"ಕಂಕುಳಲ್ಲಿ ಹಿಡಿದುಕೊಳ್ಳಿ, ಚೆನ್ನಾಗಿ ಕಾಣುತ್ತೆ."
ಕಂಕುಳಿಗೆ ಇಟ್ಟಿಗೆ ಬೀಳುವುದಿಲ್ಲವಲ್ಲ, ಅಂದುಕೊಂಡೆ.
ನಕ್ಕೆ.
ಮೂರು ವರ್ಷ ಅದೇ ನಗು, ಅದೇ ಮುಖಪುಟ.

ಹೋದ ತಿಂಗಳು ಸಂದರ್ಶನ.
ಪೆಕ್ಹಮ್ಮಿನ ಹುಡುಗಿ ತೆಮಿಟೋಪೆ,
ತಂದೆಯ ಜೊತೆ ಶನಿವಾರಗಳಲ್ಲಿ ಛಾವಣಿ ರಿಪೇರಿ ಕಲಿತವಳು.
ಆಕೆ ಎದ್ದು ಹೋದ ಮೇಲೆ ಪಿಯರ್ಸ್ ಪೆನ್ನು ತಿರುಗಿಸುತ್ತ
"ಜಾಣೆ. ಆದರೆ ನಮಗೆ ಹೊಂದುತ್ತಾಳಾ?" ಅಂದ.
"ಹೊಂದದಿದ್ದರೆ ಹೆಲ್ಮೆಟ್ಟು ಬದಲಾಯಿಸೋಣ" ಅಂದೆ.
ಯಾರಿಗೂ ತಿಳಿಯಲಿಲ್ಲ.
ಬಿಡಿಸಿ ಹೇಳುವ ಗೋಜಿಗೆ ಹೋಗಲಿಲ್ಲ ನಾನು,
ಕಾಗದ ಎಳೆದುಕೊಂಡು
ಅಜ್ಜಿಯ ಹಾಗೆ ಒತ್ತಿ ಒತ್ತಿ ಸಹಿ ಹಾಕಿದೆ.

ಮೆಟ್ಟಿಲ ಮೇಲಿದ್ದವಳು ಅವಳೇ.

ಮುಂಗೋಣೆಯ ಕಿಟಕಿಯ ಕೆಳಗೆ ಸೂಜಿ ಊರಿದೆ:
ಇಪ್ಪತ್ತೆಂಟು.
"ನೆಲದಿಂದ ಏರಿದ ತೇವ, ಬರಕೋ" ಅಂದೆ.
ಅವಳು ಬರೆಯಲಿಲ್ಲ.
ಕಿಟಕಿ ತೆರೆದು, ಅರ್ಧ ಮೈ ಹೊರಗೆ ಚಾಚಿ,
ಕತ್ತು ಹೊರಳಿಸಿ ಮೇಲೆ ನೋಡಿದಳು, ಬಹಳ ಹೊತ್ತು.
"ನೆಲದ ತಪ್ಪಲ್ಲ ಅಯೋನಿ.
ಮೇಲೆ ದೋಣಿ ಒಡೆದಿದೆ.
ಸೋರುತ್ತಿರುವುದು ಅಲ್ಲಿಂದ."

ಎಷ್ಟು ವರದಿಗಳಲ್ಲಿ ನೆಲವನ್ನೇ ದೂರಿದ್ದೆನೋ.
ಯಂತ್ರವನ್ನು ಅವಳ ಅಂಗೈಗೆ ಇಟ್ಟೆ,
ಇನ್ನೂ ನನ್ನ ಬಿಸಿಯಿತ್ತು ಅದಕ್ಕೆ.

ಮನೆಯವನು ಮತ್ತೆರಡು ಕಪ್ಪು ಹಿಡಿದು ಬಂದ.
ಈ ಸಲ ಬಾಗಿಲಲ್ಲೇ ನಿಂತು ಕೇಳಿದ,
"ಸಕ್ಕರೆ ಎಷ್ಟು?"
ತೆಮಿ ಬರೆಯುತ್ತಿದ್ದಳು.
ತಲೆಯೆತ್ತದೆ ಅಂದಳು:
"ಮೊದಲು ಏಣಿ."